ಮಲಗಿದ ಬಿರುಕನ್ನು ಎಬ್ಬಿಸಲು ಎಷ್ಟು ಒತ್ತಡ ಸಾಕು?

ದಖ್ಖನ್ ಪ್ರಸ್ಥಭೂಮಿ ಗಟ್ಟಿ ನೆಲ, ಭೂಕಂಪ ಏನಿದ್ದರೂ ಹಿಮಾಲಯದ ಕಡೆಯವರ ತಾಪತ್ರಯ ಎಂದು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದೇವೆ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾನಗರದಲ್ಲಿ ಆ ಪಾಠ ಸುಳ್ಳಾಯಿತು. 6.3 ತೀವ್ರತೆಯ ಕಂಪನಕ್ಕೆ ಸುಮಾರು ಇನ್ನೂರು ಮಂದಿ ಸತ್ತರು. ಮನೆಗಳು ನೆಲಕಚ್ಚಿದವು. 103 ಮೀಟರ್ ಎತ್ತರದ ಅಣೆಕಟ್ಟಿನ ಮೈಯಲ್ಲೂ ಬಿರುಕು ಬಿಟ್ಟಿತು. ಆ ಅಣೆಕಟ್ಟಿನ ಹಿಂದೆ ನೀರು ನಿಲ್ಲಿಸಲು ಶುರುಮಾಡಿ ಆಗಿನ್ನೂ ಐದಾರು ವರ್ಷ. ನೀರು ಏರತೊಡಗಿದಾಗಿನಿಂದಲೇ ಸುತ್ತಲಿನ ಹಳ್ಳಿಗಳಲ್ಲಿ ಸಣ್ಣಪುಟ್ಟ ನಡುಕ, ನೆಲದೊಳಗಿಂದ ಗುಡುಗಿನಂಥ ಸದ್ದು ಕೇಳಿಬರುತ್ತಿತ್ತು. ಕೊಯ್ನಾ ನಮಗೆ ಪರಕೀಯವೇನಲ್ಲ. ಕರಾಡದಲ್ಲಿ ಕೃಷ್ಣೆಯನ್ನು ಸೇರಿ ಬೆಳಗಾವಿ ಜಿಲ್ಲೆಗೆ ಹರಿದುಬರುವ ನೀರು ಅದು.

ಹಾಗಾದರೆ ನೀರೇ ಭೂಕಂಪ ತಂದಿತೇ? ಹೊಸದಾಗಿ ಈ ವಿಷಯಕ್ಕೆ ಬಂದವರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಚಿಕ್ಕದು: ಶಕ್ತಿ ನೀರಿನದಲ್ಲ, ಮುಹೂರ್ತ ನೀರಿನದು. ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಏಷ್ಯಾವನ್ನು ದೂಡುತ್ತಲೇ ಇದೆ. ಆ ದೂಡಾಟದ ಬಿಗಿತ ಹಿಮಾಲಯಕ್ಕೆ ಮಾತ್ರ ಸೀಮಿತವಲ್ಲ, ದಖ್ಖನ್ನಿನ ಬಂಡೆಗಳಲ್ಲೂ ತುಂಬಿಕೊಂಡಿದೆ. ಆ ಬಂಡೆಗಳೊಳಗೆ ಕೋಟ್ಯಂತರ ವರ್ಷಗಳ ಹಿಂದೆ ಒಡೆದು, ಒಂದಷ್ಟು ಜರುಗಿ, ಆಮೇಲೆ ತಣ್ಣಗೆ ಕೂತ ಸೀಳುಗಳಿವೆ. ಸೀಳಿನ ಎರಡು ಬದಿಯ ಬಂಡೆ ಹೀಗೆ ಒಂದನ್ನೊಂದು ಉಜ್ಜಿಕೊಂಡು ಜರುಗಿದ ಜಾಗವನ್ನು ಸ್ತರಭಂಗ ಎನ್ನುತ್ತಾರೆ. ಅದು ಮತ್ತೆ ಜರುಗಿದರೆ ಭೂಕಂಪ.

ಜಲಾಶಯ ತುಂಬಿಸುವುದು, ಕೊಳಕು ನೀರನ್ನು ಆಳದ ಕೊಳವೆಬಾವಿಗೆ ಒತ್ತಿ ಕಳಿಸುವುದು, ನೆಲದೊಳಗಿನ ಅನಿಲ ಹೊರತೆಗೆಯುವುದು, ಬಿಸಿಬಂಡೆಗೆ ನೀರು ಹಾಯಿಸಿ ವಿದ್ಯುತ್ ಮಾಡಹೊರಡುವುದು ಇವೆಲ್ಲ ಆ ಸೀಳಿನ ಲೆಕ್ಕಾಚಾರದಲ್ಲಿ ಕೈಹಾಕಿದಂತೆ. ಎಷ್ಟು ಕೈಹಾಕಿದರೆ ಸೀಳು ಜರುಗೀತು ಎಂದು ಮುಂಚೆಯೇ ಗಣಿತದಿಂದ ತಿಳಿಯಲು ಸಾಧ್ಯವೇ? ಒಂದು ಮಟ್ಟದವರೆಗೆ ಸಾಧ್ಯ. ಆ ಮಟ್ಟ ಯಾವುದು, ಎಲ್ಲಿ ಗಣಿತ ಕೈಕೊಡುತ್ತದೆ ಎಂಬುದನ್ನು ಮೊದಲಿಂದ ನೋಡೋಣ. ಹೈಸ್ಕೂಲಿನ ಗುಣಾಕಾರ, ವ್ಯವಕಲನ ಬಂದರೆ ಸಾಕು.

ಒಂದು ಇಟ್ಟಿಗೆಯ ಲೆಕ್ಕ

ಒಂದು ಇಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಬನ್ನಿ. ಸುಮಾರು 30 ಡಿಗ್ರಿ ಓರೆಯಾಗುವ ತನಕ ಇಟ್ಟಿಗೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಆಮೇಲೆ ಸರ್ರನೆ ಜಾರುತ್ತದೆ. ಓರೆ ಹಲಗೆಯ ಮೇಲೆ ಇಟ್ಟಿಗೆಯ ಭಾರ ಎರಡು ಪಾಲಾಗುತ್ತದೆ: ಒಂದು ಪಾಲು ಇಟ್ಟಿಗೆಯನ್ನು ಹಲಗೆಗೆ ಅದುಮುತ್ತದೆ, ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಹಲಗೆ ಎತ್ತಿದಷ್ಟೂ ಅದುಮುವ ಪಾಲು ಕಡಿಮೆ, ಎಳೆಯುವ ಪಾಲು ಜಾಸ್ತಿ. ಎಳೆತವನ್ನು ಅದುಮುವಿಕೆಯಿಂದ ಭಾಗಿಸಿದರೆ ಸಿಗುವ ಸಂಖ್ಯೆ 0.6ರ ಹತ್ತಿರ ಬಂದಾಗ ಇಟ್ಟಿಗೆ ಕೈಬಿಟ್ಟಿತು ಎನ್ನೋಣ. ಈ 0.6 ಎಂಬುದೇ ಘರ್ಷಣಾಂಕ. ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟರೂ ಅದು ಜಾರುವುದು ಅದೇ ಕೋನದಲ್ಲಿ, ಏಕೆಂದರೆ ಎರಡೂ ಪಾಲು ಒಟ್ಟಿಗೇ ಹೆಚ್ಚುತ್ತವೆ.

ಇದು ಇಟ್ಟಿಗೆಗೆ ಮಾತ್ರ ಸಲ್ಲುವ ಮಾತಲ್ಲ. ಅಮೆರಿಕದ ಭೂವಿಜ್ಞಾನಿ ಜೇಮ್ಸ್ ಬೈಯರ್ಲಿ ಪ್ರಯೋಗಾಲಯಗಳಲ್ಲಿ ನಾನಾ ಜಾತಿಯ ಬಂಡೆಗಳನ್ನು ಉಜ್ಜಿ ನೋಡಿದ ಫಲಿತಾಂಶಗಳನ್ನೆಲ್ಲ ಒಟ್ಟುಮಾಡಿ 1978ರಲ್ಲಿ ಪ್ರಕಟಿಸಿದರು. ಗ್ರಾನೈಟ್ ಆಗಲಿ, ಮರಳುಗಲ್ಲಾಗಲಿ, ಸುಣ್ಣದಕಲ್ಲಾಗಲಿ, ಘರ್ಷಣಾಂಕ ಹೆಚ್ಚುಕಮ್ಮಿ 0.6ರಿಂದ 0.85ರ ನಡುವೆಯೇ ಬರುತ್ತದೆ. ಜೇಡಿ ತುಂಬಿದ ಸೀಳುಗಳು ಮಾತ್ರ ಇದಕ್ಕಿಂತ ಬಲಹೀನ. ಕಿಲೊಮೀಟರ್‌ಗಟ್ಟಲೆ ಆಳದಲ್ಲಿ ಕಣ್ಣಿಗೆ ಕಾಣದ ಬಂಡೆಯ ಬಗ್ಗೆ ಇಷ್ಟು ಖಚಿತವಾದ ಸಂಖ್ಯೆ ಸಿಕ್ಕಿದ್ದು ಲೆಕ್ಕ ಹಾಕುವವರ ಪಾಲಿಗೆ ದೊಡ್ಡ ಅದೃಷ್ಟ.

ಈಗ ಇದಕ್ಕೆ ನೀರು ಸೇರಿಸೋಣ. ಆಳದ ಬಂಡೆ ಒಣಗಿರುವುದಿಲ್ಲ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ, ಸೀಳುಗಳಲ್ಲಿ ನೀರು ಇರುತ್ತದೆ, ಆ ನೀರಿಗೆ ತನ್ನದೇ ಒತ್ತಡವೂ ಇರುತ್ತದೆ. ನೀರು ಸೇರಿದರೆ ಸೀಳು ಜಾರುತ್ತದೆ ಎಂದ ಕೂಡಲೇ ನೀರು ಎಣ್ಣೆಯ ಹಾಗೆ ನುಣುಪು ಮಾಡುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಘರ್ಷಣಾಂಕ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ನೀರು ಮಾಡುವುದು ಬೇರೆ ಕೆಲಸ: ಸೀಳಿನ ಎರಡು ಮುಖಗಳ ನಡುವೆ ನಿಂತು ಎರಡನ್ನೂ ಹೊರಕ್ಕೆ ತಳ್ಳುತ್ತದೆ. ಮೇಲಿನ ಭಾರದಲ್ಲಿ ಒಂದು ಪಾಲನ್ನು ತಾನೇ ಹೊರುತ್ತದೆ. ಹಾಗಾಗಿ ಬಂಡೆಗೆ ಬಂಡೆ ಅಂಟಿಕೊಂಡು ನಿಲ್ಲುವ ಬಲ ಅಷ್ಟರಮಟ್ಟಿಗೆ ಇಳಿಯುತ್ತದೆ. ಮಣ್ಣಿನ ಎಂಜಿನಿಯರ್ ಕಾರ್ಲ್ ಟೆರ್ಜಾಘಿ 1920ರ ದಶಕದಲ್ಲೇ ಹೇಳಿದ ತತ್ವವಿದು. ಅಮೆರಿಕದ ಹಬರ್ಟ್ ಮತ್ತು ರೂಬಿ 1959ರಲ್ಲಿ ಅದನ್ನು ದೊಡ್ಡ ಸ್ತರಭಂಗಗಳಿಗೆ ಅನ್ವಯಿಸಿ ತೋರಿಸಿದರು.

ಸೂತ್ರ ಇಷ್ಟೇ: ಸೀಳು ತಡೆದುಕೊಳ್ಳಬಲ್ಲ ಬಲ = ಘರ್ಷಣಾಂಕ × (ಅದುಮುವ ಒತ್ತಡ − ನೀರಿನ ಒತ್ತಡ).

ಒಂದು ಲೆಕ್ಕ ಮಾಡಿಯೇಬಿಡೋಣ. ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತೇನೆ. ಹತ್ತು ಮೀಟರ್ ಆಳದ ನೀರು ತನ್ನ ತಳದ ಮೇಲೆ ಹಾಕುವ ಒತ್ತಡ ಸುಮಾರು ಒಂದು ಬಾರ್. ಒಂದು ಸೀಳನ್ನು 500 ಬಾರ್ ಒತ್ತಡ ಅದುಮಿ ಹಿಡಿದಿದೆ, ಒಳಗಿನ ನೀರಿನ ಒತ್ತಡ 200 ಬಾರ್ ಇದೆ ಎಂದಿಟ್ಟುಕೊಳ್ಳಿ. ಕಳೆದರೆ ಉಳಿಯುವುದು 300. ಅದನ್ನು 0.6ರಿಂದ ಗುಣಿಸಿದರೆ 180. ಅಂದರೆ ಸೀಳನ್ನು ಪಕ್ಕಕ್ಕೆ ಜಾರಿಸುವ ಒತ್ತಡ 180 ಬಾರ್ ದಾಟುವವರೆಗೂ ಅದು ನಿಂತಿರುತ್ತದೆ. ಭೂಮಿಯ ಸಹಜ ಬಿಗಿತ ಈಗಾಗಲೇ 170ರಷ್ಟು ಜಾರಿಸುತ್ತಿದೆ ಎನ್ನಿ. ಸದ್ಯಕ್ಕೆ ಕ್ಷೇಮ. ನಾವು ಬಂದು ಪಂಪಿನಿಂದ ನೀರಿನ ಒತ್ತಡವನ್ನು 20 ಬಾರ್ ಏರಿಸಿದೆವು. ಈಗ 500ರಲ್ಲಿ 220 ಕಳೆದರೆ 280, ಅದರ 0.6 ಪಾಲು 168. ಜಾರಿಸುವ ಒತ್ತಡ 170. ಸೀಳು ಜರುಗಿತು.

ಈ ಲೆಕ್ಕದಲ್ಲಿ ಎರಡು ಸಂಗತಿ ಗಮನಿಸಿ. 500 ಬಾರ್‌ಗಳ ಒತ್ತಡದಲ್ಲಿ ಕೂತಿದ್ದ ಸೀಳನ್ನು ಎಬ್ಬಿಸಲು ಬರೀ 20 ಬಾರ್ ಸಾಕಾಯಿತು. ಆದರೆ ಅದು ಸಾಕಾಗಿದ್ದು ಸೀಳು ಮೊದಲೇ 170ಕ್ಕೆ ಬಂದು ನಿಂತಿದ್ದರಿಂದ. 100ರಲ್ಲಿ ಇದ್ದಿದ್ದರೆ ಅದೇ 20 ಬಾರ್‌ಗೆ ಏನೂ ಆಗುತ್ತಿರಲಿಲ್ಲ. ನಮ್ಮ ಕಾಲದ ಕಂಪ್ಯೂಟರುಗಳು ಲಕ್ಷಾಂತರ ಬಿಂದುಗಳಲ್ಲಿ ಮಾಡುವುದೂ ಮೂಲತಃ ಇದೇ ಲೆಕ್ಕ. ಅವನ್ನೂ ಕಾಡುವ ಪ್ರಶ್ನೆ ಒಂದೇ: ನಾವು ಕೈಹಾಕುವ ಮೊದಲು ಸೀಳು ಎಷ್ಟು ಹತ್ತಿರ ಬಂದು ನಿಂತಿತ್ತು?

ನೀರು ಇಳಿಯಲು ಹಿಡಿಯುವ ಕಾಲ

ಕೊಯ್ನಾಕ್ಕೆ ಈ ಲೆಕ್ಕ ಹಾಕಿ ನೋಡಿ. ನೂರು ಮೀಟರ್ ನೀರು ಎಂದರೆ ಹತ್ತು ಬಾರ್. ಐದು ಕಿಲೊಮೀಟರ್ ಆಳದಲ್ಲಿ ಬಂಡೆಯ ಮೇಲೆ ಬೀಳುವ ಭಾರ 1,300 ಬಾರ್‌ಗೂ ಮಿಗಿಲು. ಅದರ ಮುಂದೆ ಹತ್ತು ಬಾರ್ ಯಾವ ಲೆಕ್ಕ! ಅಷ್ಟಕ್ಕೇ ನೆಲ ನಡುಗಿತೆಂದರೆ ಆ ಸೀಳು ಮೊದಲೇ ಅಂಚಿಗೆ ಬಂದು ನಿಂತಿತ್ತು ಎಂದೇ ಅರ್ಥ. ಭಾರಿ ಜಲಾಶಯಗಳು ಎಷ್ಟೋ ಇವೆ, ಅವುಗಳಲ್ಲಿ ಹೆಚ್ಚಿನವು ಸುಮ್ಮನಿವೆ. ವ್ಯತ್ಯಾಸ ಇರುವುದು ಅಣೆಕಟ್ಟಿನಲ್ಲಲ್ಲ, ಅದರ ಕೆಳಗಿನ ನೆಲದಲ್ಲಿ.

ಜಲಾಶಯ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ನೀರಿನ ಭಾರ. ಅದು ಏರಿದ ದಿನವೇ ನೆಲಕ್ಕೆ ಗೊತ್ತಾಗುತ್ತದೆ. ಭಾರ ಸೀಳನ್ನು ಇನ್ನಷ್ಟು ಅದುಮಿ ಗಟ್ಟಿ ಮಾಡಬಹುದು, ಇಲ್ಲವೇ ಜಾರಿಸುವ ದಿಕ್ಕಿಗೇ ಸೇರಿಕೊಳ್ಳಬಹುದು. ಯಾವುದು ಎಂಬುದು ಸೀಳು ಯಾವ ಕಡೆಗೆ ವಾಲಿದೆ ಎಂಬುದರ ಮೇಲೆ ನಿಂತಿದೆ. ಎರಡನೆಯದು ನೀರಿನ ಒತ್ತಡ ಆಳಕ್ಕೆ ಇಳಿಯುವುದು. ಜಲಾಶಯದ ತಳದ ಸಂದುಗಳ ಮೂಲಕ ಒತ್ತಡ ಮೆಲ್ಲಮೆಲ್ಲಗೆ ಆಳಕ್ಕೆ ಹರಡುತ್ತದೆ. ಹೀಗೆ ಹರಡುವ ದೂರ ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ದೂರ ಇಮ್ಮಡಿಯಾಗಬೇಕಾದರೆ ಕಾಲ ನಾಲ್ಮಡಿ ಬೇಕು. ಸೀಳುಬಿಟ್ಟ ಬಂಡೆಯಲ್ಲಿ ಒತ್ತಡ ಹರಡುವ ಗುಣವನ್ನು ಸೆಕೆಂಡಿಗೆ ಒಂದು ಚದರ ಮೀಟರ್ ಎಂದು ಹಿಡಿದರೆ, ಐದು ಕಿಲೊಮೀಟರ್ ಆಳಕ್ಕೆ ಒತ್ತಡದ ಅಂಚು ತಲುಪಲು ಸುಮಾರು ಮೂರು ವಾರ ಬೇಕು. ಬಂಡೆ ಅದಕ್ಕಿಂತ ಹತ್ತು ಪಟ್ಟು ಬಿಗಿಯಾಗಿದ್ದರೆ ಏಳೆಂಟು ತಿಂಗಳು. ಮಳೆಗಾಲದಲ್ಲಿ ತುಂಬಿದ ಕೊಯ್ನಾದ ಸುತ್ತ ಕಂಪನಗಳು ಸೆಪ್ಟೆಂಬರ್ ಹೊತ್ತಿಗೊಮ್ಮೆ, ಚಳಿಗಾಲದಲ್ಲೊಮ್ಮೆ ಹೆಚ್ಚುವುದನ್ನು ಓದುವಾಗ ಈ ಲೆಕ್ಕ ನೆನಪಿನಲ್ಲಿರಲಿ.

ಆ ಕಂಪನಗಳು ಇನ್ನೂ ನಿಂತಿಲ್ಲ. 1967ರಿಂದ ಇಂದಿನವರೆಗೆ 5ಕ್ಕೂ ಹೆಚ್ಚು ತೀವ್ರತೆಯ ಇಪ್ಪತ್ತಕ್ಕೂ ಮಿಕ್ಕಿದ ಕಂಪನಗಳು ಅಲ್ಲಿ ಆಗಿವೆ. ಎಲ್ಲವೂ ಸುಮಾರು 30 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಒಂದೇ ತುಂಡು ನೆಲದಲ್ಲಿ. 1985ರಿಂದ ದಕ್ಷಿಣಕ್ಕಿರುವ ವಾರಣಾ ಜಲಾಶಯ ತುಂಬತೊಡಗಿದ ಮೇಲೆ ಕಂಪನಗಳೂ ಆ ಕಡೆಗೆ ಸರಿದವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ ದಶಕಗಳ ಕಾಲ ಇದರ ಬೆನ್ನುಹತ್ತಿದರು. ನೀರು ಎಷ್ಟು ಏರಿತು ಎಂಬುದರ ಜತೆಗೆ ಎಷ್ಟು ಬೇಗ ಏರಿತು, ಎಷ್ಟು ದಿನ ನಿಂತಿತು, ಹಿಂದಿನ ಗರಿಷ್ಠ ಮಟ್ಟವನ್ನು ದಾಟಿತೇ ಎಂಬುದನ್ನೂ ನೋಡಬೇಕು ಎಂದು ತೋರಿಸಿದವರು ಅವರು. ಲೆಕ್ಕವೊಂದನ್ನೇ ನಂಬದೆ ನೆಲವನ್ನೇ ಕೊರೆದು ನೋಡುವ ಕೆಲಸವೂ ನಡೆದಿದೆ. ಗೋಠಣೆ ಎಂಬಲ್ಲಿ 2017ರಲ್ಲಿ ಮೂರು ಕಿಲೊಮೀಟರ್ ಆಳದ ಕೊಳವೆಬಾವಿ ಕೊರೆದರು. ಮೇಲಿನ ಸುಮಾರು 1.2 ಕಿ.ಮೀ. ದಖ್ಖನ್ನಿನ ಲಾವಾ ಹರಿದು ಗಟ್ಟಿಯಾದ ಕಪ್ಪುಕಲ್ಲು. ಅದರ ಅಡಿಯಲ್ಲಿ ಸಿಕ್ಕಿದ್ದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಬಗೆಯ ಬಂಡೆ. ನಮ್ಮ ಕರ್ನಾಟಕದ ಬಹುಪಾಲು ನೆಲಕ್ಕೆ ಆಧಾರವಾಗಿರುವ ಧಾರವಾಡ ಶಿಲಾಪೀಠವೇ ಲಾವಾದ ಹೊದಿಕೆಯಡಿ ಅಲ್ಲಿಯವರೆಗೂ ಹಬ್ಬಿದೆ. ಕಂಪನಗಳು ಹುಟ್ಟುವುದು ಈ ಹಳೆಯ ಬಂಡೆಯಲ್ಲೇ.

ಬೇಕೆಂದೇ ಮಾಡಿದ ಪರೀಕ್ಷೆ

ಒಂದು ಲೆಕ್ಕ ಸರಿ ಎನ್ನಬೇಕಾದರೆ ಮೊದಲು ಉತ್ತರ ಹೇಳಿ, ಆಮೇಲೆ ಪ್ರಯೋಗ ಮಾಡಿ ತೋರಿಸಬೇಕು. ಭೂಕಂಪದ ವಿಷಯದಲ್ಲಿ ಅಂಥ ಅವಕಾಶ ಸಿಕ್ಕಿದ್ದು ಬಹಳ ಅಪರೂಪ. ಅಮೆರಿಕದ ಕೊಲರಾಡೊದಲ್ಲಿ ಅದು ಸಿಕ್ಕಿತು.

ಡೆನ್ವರ್ ಹತ್ತಿರದ ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯೊಂದು ತನ್ನ ವಿಷನೀರನ್ನು 1962ರ ಮಾರ್ಚಿನಿಂದ 3,671 ಮೀಟರ್ ಆಳದ ಬಾವಿಗೆ ಇಳಿಸತೊಡಗಿತು. ಮರುತಿಂಗಳೇ ನಡುಕ ಶುರು. 1965ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ತಿಂಗಳುವಾರು ಇಳಿಸಿದ ನೀರು, ತಿಂಗಳುವಾರು ಆದ ಕಂಪನ ಎರಡನ್ನೂ ಒಂದರ ಕೆಳಗೊಂದು ಬಿಡಿಸಿ ತೋರಿಸಿದರು. ಚಿತ್ರವೇ ಮಾತಾಡುತ್ತಿತ್ತು. 1966ರ ಫೆಬ್ರುವರಿಯಲ್ಲಿ ಬಾವಿ ಮುಚ್ಚಿದರು. ವಿಚಿತ್ರವೆಂದರೆ ಎಲ್ಲಕ್ಕಿಂತ ದೊಡ್ಡ ಕಂಪನಗಳು ಬಂದಿದ್ದು ಮುಚ್ಚಿದ ಮರುವರ್ಷ, 1967ರಲ್ಲಿ. ಹಿಂದಿನ ಭಾಗದಲ್ಲಿ ಹೇಳಿದ ವರ್ಗಮೂಲದ ಲೆಕ್ಕ ನೆನಪಿದ್ದವರಿಗೆ ಇದು ವಿಚಿತ್ರವೆನಿಸದು. ಪಂಪು ನಿಂತರೂ ಒಳಗೆ ಸೇರಿದ ಒತ್ತಡ ದೂರದ ಸೀಳುಗಳ ಕಡೆಗೆ ಹರಡುತ್ತಲೇ ಇತ್ತು.

ಅದೇ ರಾಜ್ಯದ ರೇಂಜ್ಲಿ ಎಂಬಲ್ಲಿನ ತೈಲಕ್ಷೇತ್ರದಲ್ಲಿ ಎಣ್ಣೆ ಹೊರಡಿಸಲು ನೀರು ಒತ್ತುತ್ತಿದ್ದರು, ಅಲ್ಲೂ ಸಣ್ಣ ಕಂಪನಗಳಾಗುತ್ತಿದ್ದವು. 1969ರಿಂದ 1973ರವರೆಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ರೇಲಿ, ಹೀಲಿ, ಬ್ರೆಡೆಹಾಫ್ಟ್ ಅಲ್ಲಿ ಪ್ರಯೋಗ ನಡೆಸಿದರು. ಆಳದ ಬಂಡೆಯ ಒತ್ತಡವನ್ನು ಬಾವಿಯೊಳಗೇ ಅಳೆದರು. ಅದೇ ಮರಳುಗಲ್ಲಿನ ತುಂಡನ್ನು ಪ್ರಯೋಗಾಲಯಕ್ಕೆ ತಂದು ಅದರ ಘರ್ಷಣಾಂಕ ಅಳೆದರು. ಎರಡನ್ನೂ ಮೇಲಿನ ಸೂತ್ರಕ್ಕೆ ಹಾಕಿದಾಗ, ನೀರಿನ ಒತ್ತಡ ಸುಮಾರು 257 ಬಾರ್ ದಾಟಿದರೆ ಸೀಳು ಜರುಗಬೇಕು ಎಂದು ಉತ್ತರ ಬಂತು. ಒತ್ತಡವನ್ನು ಆ ಮಟ್ಟದ ಮೇಲೇರಿಸಿದಾಗ ಕಂಪನಗಳು ಹೆಚ್ಚಿದವು. ನೀರು ಹಿಂತೆಗೆದು ಕೆಳಗಿಳಿಸಿದಾಗ ಅಲ್ಲಿ ಬಹುತೇಕ ನಿಂತವು. ಮತ್ತೆ ಏರಿಸಿದರು, ಮತ್ತೆ ಬಂದವು. ಈ ಕ್ಷೇತ್ರದಲ್ಲಿ ಇಷ್ಟು ಚೊಕ್ಕಟವಾದ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಬಳಿ ಇದ್ದಿದ್ದು ಸೂತ್ರ ಮಾತ್ರವಲ್ಲ, ಆ ಜಾಗದಲ್ಲೇ ಅಳೆದ ಸಂಖ್ಯೆಗಳು.

ಹೊರತೆಗೆದರೂ ನಡುಕ

ಇಲ್ಲಿಯವರೆಗೆ ಓದಿದವರಿಗೆ ಒಂದು ಧೈರ್ಯ ಬಂದಿರಬೇಕು: ಒಳಗೆ ಒತ್ತಿದರೆ ಅಪಾಯ, ಹೊರಗೆ ತೆಗೆದರೆ ಕ್ಷೇಮ. ಸೂತ್ರವೂ ಹಾಗೇ ಹೇಳುತ್ತದೆ. ಒಳಗಿನ ಒತ್ತಡ ಇಳಿದಷ್ಟೂ ಸೀಳು ಬಿಗಿಯಾಗಬೇಕು. ನೆದರ್‌ಲೆಂಡ್ಸಿನ ಖ್ರೋನಿಂಗೆನ್ ಪ್ರಾಂತ್ಯ ಈ ಧೈರ್ಯವನ್ನು ಕೆಡಿಸಿತು.

1959ರಲ್ಲಿ ಅಲ್ಲಿನ ಸ್ಲೊಕ್ಟೆರೆನ್ ಎಂಬ ಹಳ್ಳಿಯ ಬಳಿ ಯುರೋಪಿನ ಅತಿದೊಡ್ಡ ನೈಸರ್ಗಿಕ ಅನಿಲದ ನಿಕ್ಷೇಪಗಳಲ್ಲೊಂದು ಸಿಕ್ಕಿತು. ಮೂರು ಕಿಲೊಮೀಟರ್ ಆಳ, ಸುಮಾರು 900 ಚದರ ಕಿಲೊಮೀಟರ್ ಹರವು. ಅನಿಲ ಇದ್ದಿದ್ದು ಮರಳುಗಲ್ಲಿನ ಒಂದು ಪದರದಲ್ಲಿ, ಅದರ ಮೇಲೆ ಮುಚ್ಚಳದಂತೆ ಉಪ್ಪಿನ ದಪ್ಪ ಪದರ. 1963ರಲ್ಲಿ ಅನಿಲ ತೆಗೆಯಲು ಆರಂಭಿಸಿದಾಗ ಒಳಗಿನ ಒತ್ತಡ ಸುಮಾರು 350 ಬಾರ್. ಮುಂದೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಯಿತು. ಭೂಕಂಪದ ಹೆಸರೇ ಕೇಳದ ನಾಡು ಅದು. ಅನಿಲಕ್ಷೇತ್ರದೊಳಗೆ ಮೊದಲ ಕಂಪನ ದಾಖಲಾದದ್ದು 1991ರಲ್ಲಿ, ಅಂದರೆ ಕೆಲಸ ಶುರುವಾಗಿ 28 ವರ್ಷಕ್ಕೆ. 2012ರ ಆಗಸ್ಟ್ 16ರಂದು ಹೌಜಿಂಗೆ ಹಳ್ಳಿಯ ಬಳಿ 3.6 ತೀವ್ರತೆಯ ಕಂಪನವಾಯಿತು. ನಮ್ಮ ಪತ್ರಿಕೆಗಳಲ್ಲಿ ಅಂಥದ್ದು ಒಳಪುಟದ ಎರಡು ಸಾಲಿನ ಸುದ್ದಿ. ಆದರೆ ಅಲ್ಲಿ ಕಂಪನ ಹುಟ್ಟಿದ್ದು ಬರೀ ಮೂರು ಕಿಲೊಮೀಟರ್ ಆಳದಲ್ಲಿ, ಮೇಲಿರುವುದು ಮೆತ್ತನೆಯ ಜೇಡಿ ಮತ್ತು ಕೊಳೆತ ಸಸ್ಯದ ನೆಲ, ಅದರ ಮೇಲೆ ಭೂಕಂಪವನ್ನು ಕನಸಲ್ಲೂ ನೆನೆಯದೆ ಕಟ್ಟಿದ ಇಟ್ಟಿಗೆ ಮನೆಗಳು. ಗೋಡೆಗಳು ಸೀಳಿದವು. ವರ್ಷಗಳು ಕಳೆದಂತೆ ಹಾನಿಯ ದೂರುಗಳು ಲಕ್ಷ ದಾಟಿದವು.

ಒತ್ತಡ ಇಳಿಸಿದರೂ ಸೀಳು ಜರುಗಿದ್ದು ಹೇಗೆ? ಮೇಲಿನ ಮೂರು ಕಿಲೊಮೀಟರ್ ಬಂಡೆಯ ಭಾರವನ್ನು ಮರಳುಗಲ್ಲಿನ ಕಣಗಳು ಮತ್ತು ರಂಧ್ರದೊಳಗಿನ ಅನಿಲ ಎರಡೂ ಸೇರಿ ಹೊತ್ತಿದ್ದವು. ಅನಿಲ ಹೋದಂತೆ ಭಾರವೆಲ್ಲ ಕಣಗಳ ಮೇಲೆ ಬಿತ್ತು, ಪದರ ಕುಗ್ಗಿತು. ಮೇಲಿನ ನೆಲವೇ ಕೆಲವೆಡೆ 30 ಸೆಂಟಿಮೀಟರಿಗೂ ಹೆಚ್ಚು ಕುಸಿದಿದೆ. ಕುಗ್ಗುವ ಪದರ ಅಕ್ಕಪಕ್ಕದಿಂದ ಬಿಗಿಹಿಡಿದಿದ್ದ ಅಡ್ಡ ಒತ್ತಡವನ್ನೂ ಕಳೆದುಕೊಳ್ಳುತ್ತದೆ, ಮೇಲಿನ ಭಾರ ಮಾತ್ರ ಇದ್ದಷ್ಟೇ ಇರುತ್ತದೆ. ಮೇಲಿನ ಒತ್ತಡಕ್ಕೂ ಅಡ್ಡ ಒತ್ತಡಕ್ಕೂ ಅಂತರ ಹೆಚ್ಚಿದಷ್ಟೂ ಓರೆಯಾಗಿ ನಿಂತ ಸೀಳನ್ನು ಜಾರಿಸುವ ಬಲ ಹೆಚ್ಚುತ್ತದೆ. ಅಂದರೆ ಸೂತ್ರದ ಒಂದು ಕಡೆ ಬಲ ಬಂದರೆ ಇನ್ನೊಂದು ಕಡೆ ಅದಕ್ಕಿಂತ ವೇಗವಾಗಿ ಹೊರೆ ಬಂತು. ಸೂತ್ರ ತಪ್ಪಾಗಿರಲಿಲ್ಲ. ಅದುಮುವ ಒತ್ತಡವೂ ಬದಲಾಗುತ್ತದೆ ಎಂಬುದನ್ನು ಮರೆತರೆ ತಪ್ಪುತ್ತದೆ ಅಷ್ಟೇ.

ಇನ್ನೂ ಒಂದು ಸೂಕ್ಷ್ಮವಿದೆ, ಚಿತ್ರ ಬರೆದುಕೊಂಡು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಕಾಗದದ ಮೇಲೆ ಒಂದು ಅಡ್ಡ ಪಟ್ಟಿ ಬರೆಯಿರಿ, ಅದು ಅನಿಲದ ಪದರ. ನಡುವೆ ಒಂದು ಓರೆ ಗೆರೆ ಎಳೆಯಿರಿ, ಅದು ಹಳೆಯ ಸೀಳು. ಆ ಸೀಳು ಹಿಂದೆ ಜರುಗಿದ್ದರಿಂದ ಬಲಗಡೆಯ ಪಟ್ಟಿ ಎಡಗಡೆಯದಕ್ಕಿಂತ ಅರ್ಧ ದಪ್ಪದಷ್ಟು ಕೆಳಗಿದೆ ಎಂದು ತಿದ್ದಿ ಬರೆಯಿರಿ. ಈಗ ಎಡಪಟ್ಟಿಯ ಮೇಲರ್ಧದ ಎದುರು ಅನಿಲವಿಲ್ಲ, ಬೇರೆ ಬಂಡೆ ಇದೆ. ಅನಿಲ ತೆಗೆದಾಗ ಎಡಗಡೆ ಕುಗ್ಗುತ್ತದೆ, ಎದುರಿನ ಬಂಡೆ ಕುಗ್ಗುವುದಿಲ್ಲ. ಸೀಳಿನ ಆ ಮೂಲೆಯಲ್ಲಿ ಎಳೆದಾಟವೆಲ್ಲ ಬಂದು ಕೂಡಿಕೊಳ್ಳುತ್ತದೆ. ಈ ಕಾರಣಕ್ಕೇ ಅಲ್ಲಿನ ಮಾದರಿಗಾರರು, ಅಂದರೆ ನೆಲದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವವರು, ಪ್ರತಿ ಸ್ತರಭಂಗದ ಹಳೆಯ ಜರುಗನ್ನು ಅಳೆದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಖ್ರೋನಿಂಗೆನ್‌ನಲ್ಲಿ ಗುರುತಿಸಿರುವ ಇಂಥ ಸೀಳುಗಳು ಸಾವಿರಕ್ಕೂ ಹೆಚ್ಚು.

ಕೂತಷ್ಟೂ ಗಟ್ಟಿ

ಮತ್ತೆ ಇಟ್ಟಿಗೆಗೆ ಬರೋಣ. ಹಲಗೆಯನ್ನು ಮಟ್ಟಸವಾಗಿಟ್ಟು, ಇಟ್ಟಿಗೆಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಒಂದೇ ಸಮನೆ ಮೆಲ್ಲಗೆ ಎಳೆಯಿರಿ. ಪಟ್ಟಿ ಹಿಗ್ಗುತ್ತದೆ, ಇಟ್ಟಿಗೆ ಅಲ್ಲೇ ಇರುತ್ತದೆ. ತಟ್ಟನೆ ಒಂದು ಜಿಗಿತ, ಮತ್ತೆ ನಿಲುಗಡೆ. ಪಟ್ಟಿಯ ಬದಲು ಗಟ್ಟಿ ತಂತಿ ಕಟ್ಟಿದರೆ ಜಿಗಿತವಿಲ್ಲ, ಇಟ್ಟಿಗೆ ತೆವಳುತ್ತ ಬರುತ್ತದೆ. ಭೂಕಂಪದ ಗಣಿತದಲ್ಲಿ ಟ್ಯೂಬು ಎಂದರೆ ಸುತ್ತಲಿನ ಬಂಡೆಯ ಬಾಗುವ ಗುಣ. ಇದರ ಜತೆಗೆ ಉಜ್ಜುವ ಮುಖದ ಸ್ವಭಾವವನ್ನೂ ನೋಡಬೇಕು. ಕೆಲವು ಬಂಡೆಗಳಲ್ಲಿ ವೇಗ ಹೆಚ್ಚಿದಂತೆ ಘರ್ಷಣೆ ಇಳಿಯುತ್ತದೆ. ಅಂಥವು ಜಿಗಿಯುತ್ತವೆ. ಕೆಲವದರಲ್ಲಿ ವೇಗ ಹೆಚ್ಚಿದಂತೆ ಘರ್ಷಣೆಯೂ ಏರುತ್ತದೆ. ಅಂಥವು ತಮಗೆ ತಾವೇ ಬ್ರೇಕು ಹಾಕಿಕೊಂಡು ತೆವಳುತ್ತವೆ. ಜೇಮ್ಸ್ ಡೀಟ್ರಿಕ್ ಮತ್ತು ಆಂಡಿ ರುಯಿನಾ 1979-83ರ ನಡುವೆ ಇದಕ್ಕೆ ಕೊಟ್ಟ ಸಮೀಕರಣಗಳೇ ಇಂದಿನ ಮಾದರಿಗಳ ಬೆನ್ನೆಲುಬು.

ಪುಸ್ತಕಗಳ ಪ್ರಕಾರ ನೆಲದ ಮೇಲಿನ ಎರಡು ಮೂರು ಕಿಲೊಮೀಟರ್‌ಗಳ ಸೀಳುಗಳು ಸಾಮಾನ್ಯವಾಗಿ ತೆವಳುವ ಜಾತಿಯವು. ಹಾಗಿದ್ದರೆ ಖ್ರೋನಿಂಗೆನ್ ಏಕೆ ನಡುಗಿತು? ನೆದರ್‌ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಮಾದರಿ ಇದಕ್ಕೊಂದು ಉತ್ತರ ಕೊಡುತ್ತದೆ. ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ಕೂತ ಎರಡು ಬಂಡೆಮುಖಗಳು ಕಾಲ ಕಳೆದಂತೆ ಬೆಸೆದುಕೊಳ್ಳುತ್ತವೆ. ಪ್ರಯೋಗಾಲಯದ ಅಳತೆಗಳಲ್ಲಿ ಕೂತ ಕಾಲ ಹತ್ತು ಪಟ್ಟಾದಾಗಲೆಲ್ಲ ಘರ್ಷಣಾಂಕ ಸ್ಥೂಲವಾಗಿ 0.01ರಷ್ಟು ಏರುತ್ತದೆ. ಏನೂ ಅಲ್ಲ ಎನಿಸುತ್ತದೆಯಲ್ಲವೇ? ಆದರೆ ಸೀಳು ಮೂರು ಕೋಟಿ ವರ್ಷ ಸುಮ್ಮನೆ ಕೂತಿದೆ ಎಂದಿಟ್ಟುಕೊಳ್ಳಿ. ಅಷ್ಟು ಕಾಲ ಎಂದರೆ ಸೆಕೆಂಡುಗಳಲ್ಲಿ ಒಂದರ ಮುಂದೆ ಹದಿನೈದು ಸೊನ್ನೆ. ಹದಿನೈದು ಸಲ ಹತ್ತು ಪಟ್ಟು, ಹದಿನೈದು ಸಲ 0.01. ಘರ್ಷಣಾಂಕ 0.6ರಿಂದ 0.75ಕ್ಕೆ ಬಂದು ನಿಲ್ಲುತ್ತದೆ.

ಹೀಗೆ ಗಟ್ಟಿಯಾದ ಸೀಳು ಬಹುಕಾಲ ಹೊರೆಯನ್ನು ತಡೆಯುತ್ತದೆ. ಎಳೆತ ಆ ಹೆಚ್ಚುವರಿ ಬಲವನ್ನೂ ಮೀರಿದಾಗ ಬೆಸುಗೆ ಒಮ್ಮೆಗೇ ಬಿಡುತ್ತದೆ, ತೆವಳಬೇಕಾದ ಸೀಳು ಜಿಗಿಯುತ್ತದೆ. ಲಕ್ಷಾಂತರ ವರ್ಷ ಅಲುಗದ ಸೀಳು ಇನ್ನೇನು ಅಲುಗೀತು ಎಂಬ ನಂಬಿಕೆಗೆ ಇದು ನೇರ ಪೆಟ್ಟು. ಅದೇ ಮಾದರಿಯಲ್ಲಿ ಸಮಾಧಾನದ ಒಂದು ಮಾತೂ ಇದೆ: ಹೀಗೆ ಒಮ್ಮೆ ಜಿಗಿದ ಭಾಗ ಆಮೇಲೆ ಮೆಲ್ಲಗೆ ತೆವಳುತ್ತಲೇ ಒತ್ತಡ ಕಳೆದುಕೊಳ್ಳುವ ಸಂಭವ ಹೆಚ್ಚು. ಆದರೆ ಸಾವಿರ ಸೀಳುಗಳಿರುವ ಕಡೆ ಇನ್ನೂ ಜಿಗಿಯದವು ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಗಣಿತ ಎಲ್ಲಿ ಕೈಕೊಡುತ್ತದೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಡಿಯ ಬಿಸಿಬಂಡೆಗೆ ವಿದ್ಯುತ್ ಮಾಡಲೆಂದು 2006ರಲ್ಲಿ ಸುಮಾರು 11,500 ಘನ ಮೀಟರ್ ನೀರು ಒತ್ತಿದರು. 3.4 ತೀವ್ರತೆಯ ಕಂಪನವಾಯಿತು, ಮುಂದೆ ಯೋಜನೆಯನ್ನೇ ಕೈಬಿಟ್ಟರು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಅಂಥದೇ ಯೋಜನೆಗೆ ಒತ್ತಿದ ನೀರು ಹೆಚ್ಚುಕಮ್ಮಿ ಅಷ್ಟೇ. 2017ರ ನವೆಂಬರ್ 15ರಂದು ಅಲ್ಲಿ 5.5 ತೀವ್ರತೆಯ ಭೂಕಂಪವಾಯಿತು. ಶಕ್ತಿಯ ಲೆಕ್ಕದಲ್ಲಿ ಬಾಸೆಲ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು. ಒತ್ತಿದ ನೀರಿನ ಪ್ರಮಾಣ ನೋಡಿ ಕಂಪನದ ಮಿತಿ ಹೇಳುವ ಸೂತ್ರವೊಂದು ಆಗ ಚಾಲ್ತಿಯಲ್ಲಿತ್ತು. ಪೊಹಾಂಗ್ ಅದನ್ನು ಮೀರಿತು. ಬಾವಿ ಹೋಗಿ ತಾಗಿದ್ದು ಯಾರ ನಕ್ಷೆಯಲ್ಲೂ ಇಲ್ಲದ, ಆದರೆ ಅಂಚಿಗೆ ಬಂದು ನಿಂತಿದ್ದ ದೊಡ್ಡ ಸೀಳೊಂದಕ್ಕೆ. ಸರ್ಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ಕಾರಣ ನೀರೊತ್ತಿದ್ದೇ ಎಂದು ಹೇಳಿತು.

ಹಾಗಾಗಿ ಈಗಿನ ಮಾದರಿಗಾರರು ಒಂದೇ ಉತ್ತರ ಹೇಳುವುದಿಲ್ಲ. ಘರ್ಷಣಾಂಕ 0.6 ಇರಬಹುದು, 0.7 ಇರಬಹುದು. ಸೀಳಿನ ವಾಲು 60 ಡಿಗ್ರಿ ಇರಬಹುದು, 70 ಇರಬಹುದು. ಇರಬಹುದಾದ ಎಲ್ಲ ಮೌಲ್ಯಗಳನ್ನು ಬದಲಿಸುತ್ತ ಒಂದೇ ಲೆಕ್ಕವನ್ನು ಸಾವಿರಾರು ಸಲ ಓಡಿಸಿ, ನೂರಕ್ಕೆ ಎಷ್ಟು ಸಲ ಸೀಳು ಜರುಗಿತು ಎಂದು ಎಣಿಸುತ್ತಾರೆ. ಅಮೆರಿಕದ ಒಕ್ಲಹಾಮದಲ್ಲಿ ತೈಲದ ಜತೆ ಬರುವ ಉಪ್ಪುನೀರನ್ನು ಆಳಕ್ಕೆ ಒತ್ತಿದ್ದರಿಂದ 3ಕ್ಕೂ ಹೆಚ್ಚು ತೀವ್ರತೆಯ ಕಂಪನಗಳು ವರ್ಷಕ್ಕೆ ಒಂದೆರಡು ಇದ್ದದ್ದು 2015ರಲ್ಲಿ ಸುಮಾರು 900ಕ್ಕೆ ಏರಿದ್ದವು. ಮರುವರ್ಷ 5.8ರ ಕಂಪನವೂ ಆಯಿತು. ಒತ್ತುವ ನೀರನ್ನು ಕಡಿಮೆ ಮಾಡಿದ ಮೇಲೆ ಸಂಖ್ಯೆ ಇಳಿಯಿತು. ಅಲ್ಲಿನ ಅನುಭವದ ನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಸಂಭಾವ್ಯತೆಯ ಲೆಕ್ಕಕ್ಕೆಂದೇ ತಂತ್ರಾಂಶ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ.

ಎಲ್ಲ ಕಂಪನಕ್ಕೂ ಮನುಷ್ಯನನ್ನೇ ಹೊಣೆ ಮಾಡುವುದೂ ತಪ್ಪು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡು, ನಮ್ಮ ಬೀದರ್, ಕಲಬುರಗಿಯನ್ನೂ ನಡುಗಿಸಿದ ಭೂಕಂಪದ ಹಿಂದೆ ಕೊಯ್ನಾದಂಥ ದೊಡ್ಡ ಜಲಾಶಯವಿರಲಿಲ್ಲ. ಹಳೆಯ ಬಂಡೆ ತನ್ನಷ್ಟಕ್ಕೆ ತಾನೂ ಜರುಗುತ್ತದೆ. ಯಾವುದು ತಾನಾಗಿ ಆದದ್ದು, ಯಾವುದು ನಾವು ಎಬ್ಬಿಸಿದ್ದು ಎಂದು ಬಿಡಿಸಿ ಹೇಳಬೇಕಾದರೆ ನಾವು ಕೈಹಾಕುವ ಮೊದಲು ಆ ನೆಲ ಹೇಗಿತ್ತು ಎಂಬ ದಾಖಲೆ ಬೇಕು. ಅದಿಲ್ಲದಿದ್ದರೆ ಆಮೇಲೆ ನಡೆಯುವುದು ವಿಜ್ಞಾನವಲ್ಲ, ವಕೀಲಿಕೆ.

ಖ್ರೋನಿಂಗೆನ್‌ನಲ್ಲಿ 2023ರ ಅಕ್ಟೋಬರ್ 1ರಂದು ಅನಿಲ ತೆಗೆಯುವುದನ್ನು ನಿಲ್ಲಿಸಿ, 2024ರ ಏಪ್ರಿಲ್‌ನಲ್ಲಿ ಕಾನೂನಿನ ಮೂಲಕ ಕ್ಷೇತ್ರವನ್ನೇ ಮುಚ್ಚಿದರು. ಒಳಗಿನ ಒತ್ತಡ ಕಡೆಯಿಂದ ಕಡೆಗೆ ಸಮನಾಗುವವರೆಗೆ ಕಂಪನಗಳು ಮುಂದುವರಿಯುತ್ತವೆ. ನಿಮ್ಮ ಊರಿನ ಹತ್ತಿರ ಅಣೆಕಟ್ಟೋ, ಆಳದ ಬಾವಿಯೋ ಬರುವ ಸುದ್ದಿ ಇದ್ದರೆ ಸಾರ್ವಜನಿಕ ವಿಚಾರಣೆಗೆ ಹೋಗಿ ಎರಡು ಪ್ರಶ್ನೆ ಕೇಳಿ: ಕೆಲಸ ಶುರುವಾಗುವ ಮೊದಲೇ ಇಲ್ಲಿ ಭೂಕಂಪಮಾಪಕಗಳನ್ನು ಇಟ್ಟಿದ್ದೀರಾ? ಅವು ಬರೆಯುವ ಅಂಕಿಅಂಶ ನಮಗೂ ನೋಡಲು ಸಿಗುತ್ತದೆಯೇ?